ಫೆಬ್ರವರಿ ಚಿಕ್ಕದು, ಕಡಿತ ದೊಡ್ಡದು

ಫೆಬ್ರವರಿ ತಿಂಗಳ ಸಂಬಳದ ಚೀಟಿ ನೋಡಿದಿರಾ? ವೃತ್ತಿ ತೆರಿಗೆ ಅಂತ 200 ಇರಬೇಕಾದ ಕಡೆ 300 ಇದೆ. ಅದು ತಪ್ಪಲ್ಲ. ನಿಮ್ಮ ಆಫೀಸಿನ ಅಕೌಂಟೆಂಟನ್ನು ಬೈಯಬೇಡಿ. ನಿಮಗಿಂತ ಮುಂಚೆ ಹತ್ತಾರು ಜನ ಬೈದು ಹೋಗಿದ್ದಾರೆ.

ನನ್ನ ಗೆಳೆಯನೊಬ್ಬ ಸಣ್ಣದೊಂದು ಪ್ರೆಸ್ ನಡೆಸುತ್ತಾನೆ. ಇಪ್ಪತ್ತೈದು ಜನ ಕೆಲಸಗಾರರು, ಒಬ್ಬರು ಅಕೌಂಟೆಂಟ್ ಮೇಡಂ. ಸಂಬಳದ ದಿನ ನಾನು ಸುಮ್ನೆ ಕಾಫಿಗೆಂದು ಅಲ್ಲಿಗೆ ಹೋಗಿದ್ದೆ. ಮೆಷಿನ್ ನೋಡಿಕೊಳ್ಳುವ ಹಿರಿಯರೊಬ್ಬರು ಚೀಟಿ ಹಿಡಿದು ಬಂದರು. "ಮೇಡಂ, ಈ ತಿಂಗಳಿಗೆ ಇರೋದೇ 28 ದಿನ. ನೂರು ರೂಪಾಯಿ ಜಾಸ್ತಿ ಹೇಗೆ ಹಿಡಿದ್ರಿ?" ಮೇಡಂ ಬಳಿ ಉತ್ತರ ಇತ್ತು. ಅದನ್ನು ಬೆಳಗ್ಗೆಯಿಂದ ಹೇಳಿ ಹೇಳಿ ಅವರ ಗಂಟಲು ಕಟ್ಟಿತ್ತು.

ಉತ್ತರ ಇಷ್ಟೇ. ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ವೃತ್ತಿ ತೆರಿಗೆ ಹಾಕುವ ಹಾಗಿಲ್ಲ ಅನ್ನುತ್ತದೆ ಸಂವಿಧಾನದ 276ನೇ ವಿಧಿ. ನಮ್ಮ ಕರ್ನಾಟಕ ತಿಂಗಳಿಗೆ 200ರಂತೆ 2,400 ಹಿಡಿದು ಸುಮ್ಮನಿತ್ತು. ಉಳಿದ ನೂರು ರೂಪಾಯಿ ಸಂವಿಧಾನದ ಮೂಲೆಯಲ್ಲಿ ಅನಾಥವಾಗಿ ಬಿದ್ದಿತ್ತು. 2025ರಲ್ಲಿ ಅದು ಯಾರೋ ಪುಣ್ಯಾತ್ಮರ ಕಣ್ಣಿಗೆ ಬಿತ್ತು. ಬಿಟ್ಟಾರೆಯೇ? ನೂರನ್ನು ಹನ್ನೆರಡಕ್ಕೆ ಹಂಚಿದರೆ 8 ರೂಪಾಯಿ 33 ಪೈಸೆ ಮತ್ತು ತಲೆನೋವು. ಮಧ್ಯಪ್ರದೇಶದವರು ಇದಕ್ಕೆ ಹನ್ನೊಂದು ತಿಂಗಳು 208, ಕೊನೆಗೊಮ್ಮೆ 212 ಅಂತ ದಾರಿ ಕಂಡುಕೊಂಡರು. ಮಹಾರಾಷ್ಟ್ರದವರು ಫೆಬ್ರವರಿಗೆ 300 ಅಂದರು. ನಾವು ಪಕ್ಕದ ಮನೆಯವರನ್ನು ನೋಡಿ ಬರೆದುಕೊಂಡೆವು. ಗಡಿ ಜಗಳ ಗಡಿಗೆ, ಲೆಕ್ಕ ಲೆಕ್ಕಕ್ಕೆ. ನಿಯಮ ಬಂದದ್ದು 2025ರ ಏಪ್ರಿಲ್‌ನಲ್ಲಿ. ಹಾಗಾಗಿ ಅದು ಕಂಡ ಮೊದಲ ಫೆಬ್ರವರಿ 2026ರದ್ದು.

ವರ್ಷದ ಅತಿ ಚಿಕ್ಕ ತಿಂಗಳಿಗೆ ಅತಿ ದೊಡ್ಡ ಕಡಿತ. ಮನೆಯ ಚಿಕ್ಕ ಮಗನ ತಲೆ ಮೇಲೆ ದೊಡ್ಡ ಮೂಟೆ ಹೊರಿಸಿದ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ, ತಿಂಗಳಿಗೆ 25,000 ಮುಟ್ಟದವರಿಗೆ ಈ ತೆರಿಗೆಯೇ ಇಲ್ಲ. 2023ರವರೆಗೆ ಈ ಗೆರೆ 15,000ಕ್ಕೆ ಇತ್ತು, ಅದನ್ನು ಮೇಲಕ್ಕೆತ್ತಿದ್ದು ಒಳ್ಳೆಯದೇ. ಆದರೆ 24,999ಕ್ಕೆ ಸೊನ್ನೆ, 25,000ಕ್ಕೆ 200. ಪ್ರೆಸ್ಸಿನಲ್ಲಿ ಸರಿಯಾಗಿ 25,000 ತೆಗೆದುಕೊಳ್ಳುವ ಹುಡುಗ ಗೆಳೆಯನ ಮುಂದೆ ಕೈಕಟ್ಟಿ ನಿಂತ. "ಸಾರ್, ನನ್ನ ಸಂಬಳ ಒಂದು ರೂಪಾಯಿ ಕಮ್ಮಿ ಮಾಡಿ." ಸಂಬಳ ಕಮ್ಮಿ ಮಾಡಿ ಅಂತ ಕೆಲಸಗಾರ, ಆಗೋದಿಲ್ಲ ಅಂತ ಮಾಲೀಕ. ನಾನು ಕಾಫಿ ಕೆಳಗಿಟ್ಟೆ.

ಇಎಸ್‌ಐದು ಇನ್ನೊಂದು ಚಂದ. ಕೆಲಸಗಾರರಿಗೂ ಮನೆಯವರಿಗೂ ಚಿಕಿತ್ಸೆ ಕೊಡುವ ವಿಮೆ ಅದು; ಅಲ್ಲಿ ಸಂಬಳ ದಾಟಬಾರದ ಗೆರೆ 21,000. ಅದು 2017ರ ಜನವರಿಯಲ್ಲಿ ಎಳೆದದ್ದು. ನಿಮ್ಮ ಸಂಬಳ 20,800 ಇದ್ದು, ಮಾಲೀಕರು ಖುಷಿಯಾಗಿ ಐನೂರು ಜಾಸ್ತಿ ಮಾಡಿದರು ಅನ್ನಿ. ಆ ಅರ್ಧವರ್ಷದ ಅವಧಿ ಮುಗಿದರೆ ಕಂತು ನಿಲ್ಲುತ್ತದೆ, ಅದಾಗಿ ಕೆಲವು ತಿಂಗಳಿಗೆ ನೀವು ಇಎಸ್‌ಐ ಆಸ್ಪತ್ರೆಯಿಂದ ಹೊರಗೆ. ನೀವಷ್ಟೇ ಅಲ್ಲ, ಹೆಂಡತಿ ಮಕ್ಕಳೂ. ಐನೂರು ರೂಪಾಯಿಗೆ ಇಡೀ ಮನೆಯ ಆರೋಗ್ಯ ಸರಿಹೋಗಿದೆ ಅಂತ ಲೆಕ್ಕ. ಇಂಕ್ರಿಮೆಂಟ್ ಬೇಡ ಸಾರ್ ಅಂತ ಕಣ್ಣಲ್ಲಿ ನೀರು ಹಾಕುವವರನ್ನು ಕಂಡರೆ ಅವರು ಸಂತರು ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರಿಗೋ ಆಪರೇಷನ್ ಇರುತ್ತದೆ.

ಮೇಡಂ ಟೇಬಲ್ ಮೇಲೆ ಒಂದು ಕ್ಯಾಲೆಂಡರ್ ಇದೆ. 7ನೇ ತಾರೀಕು ಟಿಡಿಎಸ್. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ವೃತ್ತಿ ತೆರಿಗೆ. ಡಿಸೆಂಬರ್‌ನಲ್ಲಿ ಕಾರ್ಮಿಕ ಕಲ್ಯಾಣ ನಿಧಿ: ಕೆಲಸಗಾರನಿಂದ 20 ಇದ್ದದ್ದು ಈಗ 50, ಮಾಲೀಕನಿಂದ 40 ಇದ್ದದ್ದು ಈಗ 100. ಏಪ್ರಿಲ್ ಬಂದರೆ ಹೊಸ ತುಟ್ಟಿಭತ್ಯೆ. ಪಂಚಾಂಗದಲ್ಲಾದರೂ ಸಂಕಷ್ಟಿ ತಿಂಗಳಿಗೆ ಒಂದೇ.

ತುಟ್ಟಿಭತ್ಯೆ ಅಂದೆನಲ್ಲ, ಅದರ ಲೆಕ್ಕ ಬಲು ಸೊಗಸು. ಬೆಲೆ ಸೂಚ್ಯಂಕ ಎಷ್ಟು ಪಾಯಿಂಟ್ ಏರಿತೋ ನೋಡಿ, ಪಾಯಿಂಟಿಗೆ ದಿನಕ್ಕೆ ಇಷ್ಟು ಪೈಸೆ ಅಂತ ಕನಿಷ್ಠ ವೇತನಕ್ಕೆ ಸೇರಿಸುತ್ತಾರೆ. ಪೈಸೆ! ಹಲವು ಕಸುಬುಗಳಿಗೆ ಪಾಯಿಂಟಿಗೆ 4 ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು. ನನ್ನ ಮೊಮ್ಮಗಳು ಪೈಸೆ ಅಂದರೆ ಏನು ತಾತ ಅಂತ ಕೇಳಿದಳು. ತೋರಿಸೋಣ ಅಂದರೆ ಮನೆಯಲ್ಲಿ ಒಂದೂ ಸಿಗಲಿಲ್ಲ. ಭಿಕ್ಷುಕರು ಮುಟ್ಟುವುದಿಲ್ಲ, ದೇವರ ಹುಂಡಿಯಲ್ಲೂ ಬೀಳುವುದಿಲ್ಲ. ಅದು ಇನ್ನೂ ಉಸಿರಾಡುತ್ತಿರುವುದು ಬಡವರ ಸಂಬಳದ ಅಧಿಸೂಚನೆಯಲ್ಲಿ ಮಾತ್ರ. ಪುರಾತತ್ವ ಇಲಾಖೆಯವರು ಬಂದು ಒಂದು ಫಲಕ ಹಾಕಿ ಹೋಗಬಹುದು.

ಅಷ್ಟು ಪೈಸೆ ಕೊಡುವುದಕ್ಕೂ ನಮಗೆ ಹೊಟ್ಟೆಯುರಿ. 2020ರಲ್ಲಿ ಆ ವರ್ಷದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಬರಬೇಕಿತ್ತು. ದಿನಕ್ಕೆ ಹದಿನಾಲ್ಕು ರೂಪಾಯಿಗೆ ಎಂಟು ಪೈಸೆ ಕಮ್ಮಿ. ಕೊರೊನಾ ಕಷ್ಟ, ಆಮೇಲೆ ನೋಡೋಣ ಅಂತ ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಎಷ್ಟೋ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ಬೆಳಗ್ಗೆ ಎದ್ದು ಅಡುಗೆ ಮಾಡಿ, ವ್ಯಾನಿನಲ್ಲಿ ನಿಂತುಕೊಂಡೇ ಹೋಗಿ, ಗಂಟೆಗೆ ಇಷ್ಟು ಪೀಸ್ ಅಂತ ಬೈಸಿಕೊಂಡು ಹೊಲಿಯುವ ಹೆಣ್ಣುಮಕ್ಕಳ ದುಡ್ಡು ಅದು. ಬಾಕಿ ಕೈಗೆ ಸಿಗುವ ಹೊತ್ತಿಗೆ 2022 ಬಂದಿತ್ತು. ನೂರು ರೂಪಾಯಿ ಹಿಡಿಯುವುದಿದ್ದರೆ ಫೆಬ್ರವರಿ ತಪ್ಪುವುದಿಲ್ಲ. ಕೊಡುವುದಿದ್ದರೆ ಎರಡು ವರ್ಷ ಆದರೂ ನಡೆಯುತ್ತದೆ. ಇದಕ್ಕೆ ತಮಾಷೆ ಮಾಡುವ ಶಕ್ತಿ ನನಗಿಲ್ಲ, ಬಿಡಿ.

ದಿಲ್ಲಿಯ ಕಡೆ ನೋಡೋಣ. ಇಡೀ ದೇಶಕ್ಕೆ ಕೂಲಿ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ನೆಲಮಟ್ಟ ಇದೆ. 2017ರಲ್ಲಿ ಅದು ದಿನಕ್ಕೆ 176 ರೂಪಾಯಿ. ತಜ್ಞರ ಸಮಿತಿ ಕೂತಿತು. ಒಬ್ಬ ಮನುಷ್ಯ ಎಷ್ಟು ತಿನ್ನುತ್ತಾನೆ, ಎಷ್ಟು ಬಟ್ಟೆ ಉಡುತ್ತಾನೆ ಎಲ್ಲ ಅಳೆದು, 2019ರ ಆರಂಭದಲ್ಲಿ 375 ಆಗಬೇಕು ಅಂತ ವರದಿ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಸರ್ಕಾರ ಏರಿಸಿತು. 178ಕ್ಕೆ. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣ ಅಂದರೆ ಇಲಿಯೂ ಬೇಜಾರು ಮಾಡಿಕೊಂಡೀತು.

ಈಗ ಹೊಸ ಸಂಹಿತೆಗಳು ಬಂದಿವೆ. 29 ಕಾರ್ಮಿಕ ಕಾನೂನು ಸೇರಿಸಿ ನಾಲ್ಕು ಮಾಡಿದ್ದಾರೆ. ವೇತನ ಸಂಹಿತೆ ಸಂಸತ್ತಿನಲ್ಲಿ ಪಾಸಾದದ್ದು 2019ರಲ್ಲಿ, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅದರಲ್ಲಿ ಒಂದು ಮಾತು ನನಗೆ ಇಷ್ಟವಾಯಿತು. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದನ್ನೂ ವೇತನ ಅಂತಲೇ ಹಿಡಿಯಬೇಕು.

ಇಲ್ಲಿಯವರೆಗೆ ಬೇಸಿಕ್, ಅಂದರೆ ಮೂಲ ವೇತನ, ಮದುವೆ ಊಟದ ಉಪ್ಪಿನಕಾಯಿ. ಎಲೆಯ ಮೂಲೆಯಲ್ಲಿ ಒಂದು ಚೂರು. ಬೇಸಿಕ್ ಕಮ್ಮಿ ಇದ್ದಷ್ಟೂ ಪಿಎಫ್ ಕಮ್ಮಿ, ಗ್ರಾಚ್ಯುಟಿ ಕಮ್ಮಿ. ಉಳಿದದ್ದೆಲ್ಲ ಭತ್ಯೆ. ಮನೆ ಭತ್ಯೆ, ಓಡಾಟದ ಭತ್ಯೆ, ಬಟ್ಟೆ ಒಗೆಯುವ ಭತ್ಯೆ, ಏನೂ ಹೊಳೆಯದಿದ್ದರೆ ವಿಶೇಷ ಭತ್ಯೆ. ನನ್ನ ಗೆಳೆಯ ಬೈಂಡಿಂಗ್ ಮಾಡುವವರಿಗೆ ಪುಸ್ತಕ ಭತ್ಯೆ ಅಂತ ಕೊಡುತ್ತಿದ್ದ. ಅವರು ಓದುವ ಪುಸ್ತಕಕ್ಕೋ ಹೊಲಿಯುವ ಪುಸ್ತಕಕ್ಕೋ ಅಂತ ಕೇಳಿದೆ. "ನೀನು ಸುಮ್ನೆ ಕಾಫಿ ಕುಡಿ" ಅಂದ. ನಮ್ಮ ದೇಶದಲ್ಲಿ ಕಲ್ಪನಾಶಕ್ತಿ ಇರುವುದು ಕವಿಗಳಿಗೆ ಅಂದುಕೊಂಡಿದ್ದೆ. ಕವಿಗಳು ಸಂಬಳದ ಚೀಟಿ ಬರೆಯುವವರ ಕಾಲು ಒತ್ತಬೇಕು.

ಅಂತೂ ಮೇಡಂ ಈಗ ಇಪ್ಪತ್ತೈದು ಚೀಟಿಗಳನ್ನೂ ಹೊಸದಾಗಿ ಬರೆಯುತ್ತಿದ್ದಾರೆ. ಓಟಿಪಿ ಗೆಳೆಯನ ಫೋನಿಗೆ ಬರುತ್ತದೆ, ಗೆಳೆಯ ಬ್ಯಾಂಕಿನಲ್ಲಿ ಇರುತ್ತಾನೆ, ಅಷ್ಟರಲ್ಲಿ ಪೋರ್ಟಲ್ ಮಲಗಿರುತ್ತದೆ. ಇದೆಲ್ಲ ಪ್ರತಿ ವರ್ಷ ಇರುವುದೇ.

ಅಲುಗಾಡದಿರುವುದೂ ಒಂದಿದೆ. ಪಿಎಫ್‌ನ ಸಂಬಳ ಮಿತಿ 15,000. ಅದು ನಿಂತದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಪಿಎಫ್ ಪಿಂಚಣಿ ಕನಿಷ್ಠ 1,000 ಅಂತ ಆಯಿತು. ಅದೂ ಅಲ್ಲೇ ನಿಂತಿದೆ. ಸಾವಿರ ರೂಪಾಯಿ, ತಿಂಗಳಿಗೆ. ತುಟ್ಟಿಭತ್ಯೆ ಇಲ್ಲ, ಪಾಯಿಂಟ್ ಇಲ್ಲ, ಪೈಸೆಯೂ ಇಲ್ಲ.

ನಾವು ಮಾತಾಡುತ್ತಿದ್ದಾಗಲೇ ಹಿಂದೆ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಜ್ಜ ಬಂದರು. ರಿಟೈರ್ ಆಗಿ ತುಂಬಾ ವರ್ಷವಾಯಿತು. ಪಿಂಚಣಿ ಅದೇ ಸಾವಿರ. ಬಜೆಟ್ ಆದ ಮೇಲೆ ಪ್ರತಿ ವರ್ಷ ಒಮ್ಮೆ ಬಂದು ಹೋಗುತ್ತಾರಂತೆ. ಬಾಗಿಲ ಹತ್ತಿರವೇ ಚಪ್ಪಲಿ ಬಿಟ್ಟು ನಿಂತು ಕೇಳಿದರು.

"ಏನವ್ವಾ, ಈ ಸಲ ಏನಾದ್ರೂ ಜಾಸ್ತಿ ಆಯ್ತಾ?"

ಮೇಡಂ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಆಯ್ತಜ್ಜಾ. ಫೆಬ್ರವರಿಗೆ ನೂರು ರೂಪಾಯಿ ಜಾಸ್ತಿ ಆಯ್ತು. ನಿಮಗಲ್ಲ."