ಚಡಪಡಿಸುವ ಮಗುವಿನ ಆಟವನ್ನೇ ಕಿತ್ತುಕೊಳ್ಳಬೇಡಿ

ಎರಡನೇ ಕ್ಲಾಸಿಗೆ ಗಣಿತ ಹೇಳಿಕೊಡುವಾಗ ನನ್ನದೊಂದು ಕಟ್ಟುನಿಟ್ಟು ಇತ್ತು. ಬೆಂಚಿನ ಮೇಲೆ ಯಾರು ಜಾಸ್ತಿ ಅಲ್ಲಾಡುತ್ತಾರೋ ಅವರಿಗೆ ಅವತ್ತು ಆಟ ಇಲ್ಲ. ಉಳಿದವರು ಹೊರಗೆ ಓಡುವಾಗ ಅವರು ಒಳಗೆ ಕೂತು ಮಗ್ಗಿ ಬರೆಯಬೇಕು. ಮುಂದಿನ ಪೀರಿಯಡ್‌ನಲ್ಲಿ ಆ ಮಕ್ಕಳು ಇನ್ನಷ್ಟು ಚಡಪಡಿಸುತ್ತಿದ್ದರು. ನಾನು ಅದನ್ನು ಹಠ ಅಂದುಕೊಂಡೆ. ಈಗ ನೆನೆಸಿಕೊಂಡರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಏಳು ವರ್ಷದ ಮಗುವಿಗೆ ಸುಮ್ನೆ ಕೂರುವುದೇ ಒಂದು ಕೆಲಸ. ಬೆನ್ನು ನೆಟ್ಟಗಿರಬೇಕು, ಕೈಕಾಲು ತಡೆದು ಹಿಡಿಯಬೇಕು. ಗಮನವೆಲ್ಲ ಅಲ್ಲೇ ಖರ್ಚಾದರೆ ಲೆಕ್ಕಕ್ಕೆ ಉಳಿಯುವುದೆಷ್ಟು? ಕಾಲು ಕುಣಿಸುವ ಮಗು ಎಷ್ಟೋ ಸಲ ಪಾಠ ಕೇಳಲಿಕ್ಕೇ ಹೆಣಗುತ್ತಿರುತ್ತದೆ.

ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಶಾಲೆಯಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಕ್ಲಾಸಿನೊಳಗೇ ದಿನಕ್ಕೆ 10 ನಿಮಿಷ ಮೈ ಆಡಿಸುವ ಚಟುವಟಿಕೆ ಮಾಡಿಸಿದ್ದರು. ಆಮೇಲೆ ಪಾಠದ ಕಡೆ ಗಮನ ಹೆಚ್ಚಿತು. ಅದರಲ್ಲೂ ಮೊದಲು ತೀರಾ ಕಡಿಮೆ ಗಮನ ಕೊಡುತ್ತಿದ್ದ ಮಕ್ಕಳಲ್ಲೇ ಹೆಚ್ಚು ಬದಲಾವಣೆ ಕಂಡಿತು. ಅಂದರೆ ನಾನು ಕೂರಿಸಿದ್ದೆನಲ್ಲ, ಅಂಥ ಮಕ್ಕಳಲ್ಲೇ! ಶಿಕ್ಷೆಗಾಗಿ ಆಟದ ಬಿಡುವು ಕಸಿಯಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2013ರಲ್ಲೇ ಹೇಳಿದೆ.

ಈಗ ನಾನು ಮಕ್ಕಳ ಗಮನ ಪೂರ್ತಿ ಚೆದುರುವವರೆಗೆ ಕಾಯುವುದಿಲ್ಲ. ಇಪ್ಪತ್ತು ನಿಮಿಷ ಆಗುತ್ತಿದ್ದಂತೆ ಎಲ್ಲರೂ ಏಳುತ್ತೇವೆ. ಬಲಗೈ ಎಡ ಮೊಣಕಾಲಿಗೆ, ಎಡಗೈ ಬಲ ಮೊಣಕಾಲಿಗೆ. ಆಮೇಲೆ ಎರಡರ ಮಗ್ಗಿ, ಒಂದೊಂದು ಉತ್ತರಕ್ಕೂ ಒಂದು ಜಿಗಿತ. ಜಿಗಿಯಲಾಗದ ಮಗು ಚಪ್ಪಾಳೆ ತಟ್ಟುತ್ತದೆ, ಆಟದಿಂದ ಯಾರೂ ಹೊರಗಿಲ್ಲ. ಮೂರು ನಾಲ್ಕು ನಿಮಿಷ, ಅಷ್ಟೇ.

ಮುಗಿಸುವ ರೀತಿ ಮಾತ್ರ ತುಂಬಾ ಮುಖ್ಯ. ಜಿಗಿದ ತಕ್ಷಣ ಪುಸ್ತಕ ತೆಗೆಯಿರಿ ಅಂದರೆ ಗಲಾಟೆ ನಿಲ್ಲುವುದಿಲ್ಲ. ನಿಧಾನಕ್ಕೆ ಕೈ ಮೇಲೆತ್ತಿ ಮೈ ಮುರಿಯುವುದು, ಮೂರು ಸಲ ಉದ್ದ ಉಸಿರು, ಆಮೇಲೆ ಕೂರುವುದು. ಮೊದಲ ವಾರ ಕ್ಲಾಸು ಸಂತೆಯಾಗಿತ್ತು, ನಿಜ. ಎರಡನೇ ವಾರ ಮಕ್ಕಳೇ ಕ್ರಮ ಕಲಿತುಬಿಟ್ಟರು.

ಪಾಠ ಮುಗಿಯುವುದಿಲ್ಲ ಅನ್ನುವ ಭಯ ನನಗೂ ಇತ್ತು. ಆದರೆ ‘ಸುಮ್ನಿರು, ಇಲ್ಲಿ ನೋಡು’ ಅನ್ನುವುದರಲ್ಲೇ ಈ ಮೂರು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹೋಗುತ್ತಿತ್ತು ಅಲ್ವಾ?

ತಂದೆತಾಯಿಗಳಲ್ಲಿ ಒಂದು ಕೋರಿಕೆ. ‘ನಿಮ್ಮ ಮಗು ಒಂದು ಕಡೆ ಕೂರುವುದಿಲ್ಲ’ ಅಂತ ದೂರು ಬಂದರೆ ಮನೆಯಲ್ಲಿ ಗದರಬೇಡಿ. ಕ್ಲಾಸಿನಲ್ಲಿ ಅದಕ್ಕೆ ಎಷ್ಟು ಹೊತ್ತಿಗೊಮ್ಮೆ ಎದ್ದು ಓಡಾಡಲು ಅವಕಾಶ ಸಿಗುತ್ತದೆ ಅಂತ ಟೀಚರನ್ನು ಮೆಲ್ಲಗೆ ಕೇಳಿ.