ಥೈರಾಯ್ಡ್ ಅಂದ್ರೆ ಪರವಾಗಿಲ್ಲ, ಡಿಪ್ರೆಶನ್ ಅಂದ್ರೆ ಶ್ಶ್!

ಬೆಂಗಳೂರಿನ ಯಾವ ಮದುವೆ ಊಟಕ್ಕೆ ಬೇಕಾದರೂ ಹೋಗಿ. "ನಂಗೆ ಥೈರಾಯ್ಡ್ ರೀ, ಅದಕ್ಕೇ ಇಷ್ಟು ದಪ್ಪ" ಅಂತ ಒಬ್ಬರು ಶುರು ಮಾಡಿದರೆ ಸಾಕು. "ನಾನು ಎಪ್ಪತ್ತೈದು ತಗೋತೀನಿ, ನೀವು?" ಅಂತ ಪಕ್ಕದವರು ಡೋಸೇಜ್ ವಿಚಾರಿಸುತ್ತಾರೆ. ಅದೇ ಪಂಕ್ತಿಯಲ್ಲಿ "ನಾನು ಡಿಪ್ರೆಶನ್‌ಗೆ ಮಾತ್ರೆ ತಗೋತಿದೀನಿ" ಅಂದು ನೋಡಿ. ಹೋಳಿಗೆ ಬಡಿಸುತ್ತಿದ್ದವನೂ ತಿರುಗಿ ನೋಡುತ್ತಾನೆ.

ಹಾಗಾಗಿ ಎಷ್ಟೋ ಮನೆಗಳಲ್ಲಿ ಮನಸ್ಸಿನ ಕಾಯಿಲೆಗೆ ಥೈರಾಯ್ಡ್ ಹೆಸರೇ ಮುಸುಕು. ನನ್ನ ತಕರಾರು ಇರುವುದು ಇಲ್ಲಿ.

ಎರಡಕ್ಕೂ ನಂಟೇ ಇಲ್ಲ ಅಂತ ಹೇಳುತ್ತಿಲ್ಲ. ಖಂಡಿತ ಇದೆ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಸುಸ್ತು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಎಷ್ಟು ಮಲಗಿದರೂ ಸಾಲದು. ನೋಡುವವರಿಗೆ ಥೇಟ್ ಡಿಪ್ರೆಶನ್. ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ಸಿಡಿಮಿಡಿ. ಇದು ಆಂಗ್ಸೈಟಿ ಥರ ಕಾಣುತ್ತದೆ. ಹಾರ್ಮೋನ್ ಕಮ್ಮಿಯಾಗುವುದು ವಿಪರೀತಕ್ಕೆ ಹೋದರೆ ಭ್ರಮೆಯೂ ಬರಬಹುದು. ಲಂಡನ್ನಿನ ವೈದ್ಯರ ಸಮಿತಿಯೊಂದು 1888ರಲ್ಲೇ ಇದನ್ನು ವರದಿಯಲ್ಲಿ ಬರೆದಿತ್ತು. 1949ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯರು ಥೈರಾಯ್ಡ್ ಕಮ್ಮಿಯಾಗಿ ಬುದ್ಧಿ ಕೆಟ್ಟಂತಾಗಿದ್ದ 14 ಜನರ ಬಗ್ಗೆ ಬರೆದರು. ಥೈರಾಯ್ಡ್ ಔಷಧಿ ಕೊಟ್ಟ ಮೇಲೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಹಾಗಾಗಿ ಮನಸ್ಸು ಕುಗ್ಗಿದೆ ಅಂತ ಹೋದಾಗ ಡಾಕ್ಟರು ಟಿಎಸ್‌ಎಚ್ (ಥೈರಾಯ್ಡ್ ನೋಡುವ ರಕ್ತಪರೀಕ್ಷೆ) ಬರೆದುಕೊಟ್ಟರೆ ಗೊಣಗಬೇಡಿ. ಮನಸ್ಸು ಕುಗ್ಗಿದ ಬಾಣಂತಿಯರಿಗಂತೂ ಮಾಡಿಸಲೇಬೇಕು. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು. ಅದನ್ನು "ಮಗು ನಿದ್ದೆ ಕೊಡಲ್ಲ, ಅದಕ್ಕೇ" ಅಂತ ತಳ್ಳಿಹಾಕುತ್ತೇವೆ.

ಈಗ ನಮ್ಮ ಅತ್ತೆ ಮಗಳ ವಿಷಯ. ವಿಜಯನಗರದಲ್ಲಿದ್ದಾಳೆ. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟು ಕೂತಿದ್ದಳು. ರಿಪೋರ್ಟಿನಲ್ಲಿ ಟಿಎಸ್‌ಎಚ್ ಆರು ಚಿಲ್ಲರೆ ಬಂತು, ಅಂದರೆ ಮಾಮೂಲಿಗಿಂತ ಒಂಚೂರು ಜಾಸ್ತಿ. (ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕಮ್ಮಿ ಅಂತ ಲೆಕ್ಕ.) ಮನೆಯವರ ಮುಖ ನೋಡಬೇಕಿತ್ತು, ಹಬ್ಬ! "ಸದ್ಯ, ಥೈರಾಯ್ಡ್ ಅಷ್ಟೇ." ಮಾತ್ರೆ ಶುರುವಾಯಿತು. ಮತ್ತೆ ಟೆಸ್ಟ್ ಮಾಡಿಸಿದಾಗ ನಾರ್ಮಲ್. ಅವಳು ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಮನೋವೈದ್ಯರ ಹತ್ತಿರ ಹೋದರು, ಗುಣವೂ ಕಂಡಿತು. ಆದರೆ ಇವತ್ತಿಗೂ ಥೈರಾಯ್ಡ್ ಬಾಟಲಿ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಪಕ್ಕ ರಾಜಾರೋಷವಾಗಿ ಕೂತಿರುತ್ತದೆ. ಇನ್ನೊಂದು ಮಾತ್ರೆಯ ಸ್ಟ್ರಿಪ್ ಬೀರುವಿನಲ್ಲಿ, ಸೀರೆ ಮಡಿಕೆಯೊಳಗೆ.

ಟಿಎಸ್‌ಎಚ್ ಒಂಚೂರು ಏರಿದ ಮಾತ್ರಕ್ಕೆ ಎಲ್ಲಾ ದುಃಖಕ್ಕೂ ಅದೇ ಕಾರಣ ಅಲ್ಲ. 65 ದಾಟಿದ, ಹೀಗೇ ಸ್ವಲ್ಪ ಏರಿದ್ದ 737 ಜನರ ಮೇಲೆ ಯುರೋಪಿನಲ್ಲಿ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ನುಂಗಿದವರಿಗೂ ಬರೀ ಸಪ್ಪೆ ಮಾತ್ರೆ ನುಂಗಿದವರಿಗೂ ಸುಸ್ತಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಉಲ್ಟಾ ಕಥೆಯೂ ಇದೆ. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಕೆಲಸವನ್ನು ತಗ್ಗಿಸುತ್ತದೆ. ಅದಕ್ಕೇ ಲಿಥಿಯಂ ತಗೊಳ್ಳುವವರಿಗೆ ಸುಮಾರು ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಮಾಡಿಸುತ್ತಾರೆ. ಇಷ್ಟು ಕಿವಿಗೆ ಬಿದ್ದರೆ ಸಾಕು, "ನೋಡಿದ್ಯಾ, ಆ ಮಾತ್ರೆಯಿಂದಲೇ ಹಾಳಾಯ್ತು, ಬಿಟ್ಟುಬಿಡು" ಅನ್ನುವ ದೊಡ್ಡಪ್ಪ ಒಬ್ಬರು ಎಲ್ಲಾ ಮನೆಯಲ್ಲೂ ಇರುತ್ತಾರೆ. ದೊಡ್ಡಪ್ಪಂದಿರೇ, ದಯವಿಟ್ಟು ಸುಮ್ನಿರಿ. ಸಾಮಾನ್ಯವಾಗಿ ಲಿಥಿಯಂ ಜೊತೆಗೇ ಥೈರಾಕ್ಸಿನ್ ಕೊಟ್ಟು ಸರಿದೂಗಿಸುತ್ತಾರೆ. ಲಿಥಿಯಂ ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳಬಹುದು.

ಕೂದಲು ಉದುರತ್ತೆ ಅಂತ ಬಯೋಟಿನ್ ಎಂಬ ವಿಟಮಿನ್ ನುಂಗುವವರು ಥೈರಾಯ್ಡ್ ಟೆಸ್ಟಿಗೆ ಮುಂಚೆ ಡಾಕ್ಟರಿಗೆ ಹೇಳಿ. ಅದರಿಂದ ರಿಪೋರ್ಟ್ ಸುಳ್ಳು ಬರಬಹುದು. ನಿಮ್ಹಾನ್ಸ್ ಗೇಟಿನಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನುವ ಮುಜುಗರ ಇದ್ದವರು ಮನೆಯಿಂದಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹೊತ್ತೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.