ವಿಮಾನದ ಸುದ್ದಿ ಗೇಟಿನ ಹೊರಗೆ ಕಾಯುವವರಿಗೂ ಸಿಗಬೇಕು

ವಿಮಾನ ತಡವಾದರೆ ನನಗೆ ಸಿಟ್ಟಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಇದ್ದದ್ದೇ. ಗೊತ್ತಿದ್ದವರು ಹೇಳದೆ ಕೂರುತ್ತಾರಲ್ಲ, ಅದಕ್ಕೆ ಸಿಟ್ಟು.

ಕಾಸರಗೋಡಿನಲ್ಲಿ ಗಲ್ಫಿನ ಸಂಬಂಧ ಇಲ್ಲದ ಮನೆ ಹುಡುಕಬೇಕು. ಬದಿಯಡ್ಕ, ಪೆರ್ಲದ ಕಡೆಯವರು ಯಾರನ್ನಾದರೂ ಕರೆತರಬೇಕೆಂದರೆ ಒಂದೋ ಮಂಗಳೂರಿಗೆ ಹೋಗಬೇಕು, ಇಲ್ಲವೇ ಕಣ್ಣೂರಿಗೆ. ಬಾಡಿಗೆ ಕಾರು, ಜೊತೆಗೆ ವಯಸ್ಸಾದವರು, ಮಕ್ಕಳು.

ಕಳೆದ ಮಳೆಗಾಲ ದುಬೈಯಿಂದ ಬರುವ ಭಾವನಿಗಾಗಿ ಕಾಯುತ್ತಿದ್ದೆವು. ಬೋರ್ಡಿನಲ್ಲಿ ಮೊದಲು ನಿಗದಿಯಾಗಿದ್ದ ಸಮಯವೇ ಇತ್ತು. ಅಕ್ಕನ ಮಗ ಮೊಬೈಲಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ಫ್ಲೈಟ್‌ರಾಡಾರ್ ಆ್ಯಪ್ ತೆಗೆದು, "ಮಾವ, ವಿಮಾನ ಕಡಲ ಮೇಲೆ ಸುತ್ತು ಹಾಕ್ತಾ ಇದೆ" ಎಂದ. ನೋಡ್ತಾ ನೋಡ್ತಾ ಆ ಹಳದಿ ಗುರುತು ತೆಂಕಕ್ಕೆ ತಿರುಗಿತು. ಇಳಿದದ್ದು ಕೊಚ್ಚಿಯಲ್ಲಿ. ಕೌಂಟರಿನ ಹುಡುಗನಿಗೆ ಅದನ್ನು ನಾವೇ ತೋರಿಸಬೇಕಾಯಿತು! ಅಕ್ಕ ಆಗಲೇ ಅಳಲು ಶುರು ಮಾಡಿದ್ದಳು.

ಆ ಆ್ಯಪ್‌ನಲ್ಲಿ ಗುಟ್ಟೇನಿಲ್ಲ. ವಿಮಾನ ತಾನಿರುವ ಜಾಗವನ್ನು ರೇಡಿಯೋದಲ್ಲಿ ತಾನೇ ಸಾರುತ್ತಾ ಹೋಗುತ್ತದೆ. ಮನೆಯ ಮಾಡಿನ ಮೇಲೆ ಸಣ್ಣ ಆಂಟೆನಾ ಇಟ್ಟವರಿಗೂ ಅದು ಸಿಗುತ್ತದೆ. ಆದರೆ ಯಾಕೆ ತಿರುಗಿತು, ಯಾವಾಗ ವಾಪಸ್ ಬರುತ್ತದೆ ಎಂಬುದು ಇರುವುದು ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲ್ ಮತ್ತು ವಿಮಾನ ಕಂಪನಿಯ ಹತ್ತಿರ.

ಅವರವರ ನಡುವೆಯೂ ಸುದ್ದಿ ಹೋಗುವ ದಾರಿ ಹಳೆಯದೇ. ಫ್ಲೈಟ್ ಪ್ಲಾನ್, ಅಂದರೆ ವಿಮಾನ ಯಾವ ದಾರಿಯಲ್ಲಿ ಯಾವಾಗ ಹೋಗುತ್ತದೆ ಎಂಬ ವಿವರ, ಇಂದಿಗೂ ಟೆಲಿಗ್ರಾಮಿನ ಕಾಲದ ಅಚ್ಚಿನಲ್ಲೇ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೋಗುತ್ತದೆ. 2025ರ ನವೆಂಬರಿನಲ್ಲಿ ದೆಹಲಿಯಲ್ಲಿ ಈ ಸಂದೇಶಗಳನ್ನು ರವಾನಿಸುವ ವ್ಯವಸ್ಥೆ ಕೈಕೊಟ್ಟಿತು. ಕಂಟ್ರೋಲರ್‌ಗಳು ಫ್ಲೈಟ್ ಪ್ಲಾನ್‌ಗಳನ್ನು ಕೈಯಾರೆ ನಿಭಾಯಿಸಿದರು. 800ಕ್ಕೂ ಜಾಸ್ತಿ ವಿಮಾನಗಳು ತಡವಾದವು. ಆ ರಾತ್ರಿ ಅಲ್ಲಿ ಕೂತು ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಸುದ್ದಿ ಹೋಗುವ ಈ ಹಳೆಯ ದಾರಿಯ ಬದಲಿಗೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 'ಸ್ವಿಮ್' ಎಂಬ ವ್ಯವಸ್ಥೆಯನ್ನು ಮುಂದಿಟ್ಟಿದೆ. ವಿಮಾನದ ದಾರಿ, ಹವಾಮಾನ, ರನ್‌ವೇ ಸ್ಥಿತಿ ಯಾವುದೇ ಬದಲಾದರೂ ಸಂಬಂಧಪಟ್ಟವರೆಲ್ಲ ಒಂದೇ ಮಾಹಿತಿಯನ್ನು ಒಟ್ಟಿಗೇ ನೋಡಬಹುದು. ಹಳೆಯ ಫ್ಲೈಟ್ ಪ್ಲಾನ್ ನಮೂನೆಯನ್ನು 2034ರಲ್ಲಿ ನಿಲ್ಲಿಸುವ ನಿರ್ಧಾರವೂ ಆಗಿದೆ. ಬೆಂಗಳೂರು, ದೆಹಲಿ, ಮುಂಬೈಗಳಲ್ಲಿ ಕಂಪನಿ, ನಿಲ್ದಾಣ, ಕಂಟ್ರೋಲ್ ಮೂವರೂ ಹೊರಡುವ ಸಮಯವನ್ನು ಒಟ್ಟಿಗೆ ಹೊಂದಿಸಿಕೊಳ್ಳುವ ಪದ್ಧತಿ ಈಗಲೇ ಇದೆ.

ಇಷ್ಟೆಲ್ಲ ಕೆಲಸದಲ್ಲಿ 'ಬಳಕೆದಾರ' ಅಂದರೆ ವಿಮಾನ ಕಂಪನಿ ಅಂತಲೇ ಲೆಕ್ಕ. ಟಿಕೆಟಿಗೆ ದುಡ್ಡು ಕೊಟ್ಟವರು ಬಳಕೆದಾರರಲ್ವಾ? ಅವರಿಗಾಗಿ ಕಾಯುವವರು?

ಭದ್ರತೆಯ ಮಾತು ಬರುತ್ತದೆ, ಗೊತ್ತು. ಸೇನೆಯ ವಿಮಾನಗಳ ಸುದ್ದಿ ನಮಗೆ ಬೇಡವೇ ಬೇಡ. ನಮ್ಮವರು ಕೂತ ವಿಮಾನ ಎಲ್ಲಿ ಇಳಿಯುತ್ತದೆ, ವಾಪಸ್ ಯಾವಾಗ ಬರುತ್ತದೆ, ಇಷ್ಟು ಸಾಕು. ಇದಕ್ಕೆ 2034ರ ವರೆಗೆ ಕಾಯಬೇಕಾಗಿಲ್ಲ. ಟಿಕೆಟ್ ಬುಕ್ ಮಾಡುವಾಗಲೇ ಮನೆಯವರ ಒಂದು ನಂಬರ್ ಕೇಳಿ. ವಿಮಾನ ಬೇರೆ ಕಡೆ ತಿರುಗಿದ ಕೂಡಲೇ ಆ ನಂಬರಿಗೆ ಮೆಸೇಜ್ ಕಳಿಸಿ, ನಮ್ಮೂರಿನವರಿಗೆ ಕನ್ನಡದಲ್ಲೋ ಮಲಯಾಳದಲ್ಲೋ.